ಕೊಡೆಗೆ ಐದು, ಕಡ್ಡಿಗೆ ಮೂವತ್ತು

೪ ಮಾರ್ಚ್

ಪ್ರೀತಿಯ ಸೊಸೆಗೆ ಮಾವನ ನೆನಪುಗಳು.

ನೀನು ಹೋಗಿ ಹತ್ತು ದಿನವಾಯಿತು. ಮನೆ ಇನ್ನೂ ನಿಂತಿದೆ. ನಿನ್ನ ಗಂಡ ದಿನವೂ ಹಾಲು ಉಕ್ಕಿಸುತ್ತಾನೆ, ನಾನು ದಿನವೂ ಒಲೆ ಒರೆಸುತ್ತೇನೆ, ಹೀಗೆ ಕೆಲಸ ಹಂಚಿಕೊಂಡಿದ್ದೇವೆ. ಈಗ ಬಾಗಿಲಲ್ಲಿ ನಿಂತು, "ಅಪ್ಪಾ, ಇದನ್ನೂ ಬರೀತಿದ್ದೀಯಾ?" ಅನ್ನುತ್ತಿದ್ದಾನೆ. ಇದನ್ನೂ ಬರೆಯುತ್ತಿದ್ದೇನೆ.

ಫೋನಿನಲ್ಲಿ ನೀನು ಕೂಗುವುದು, ನಾನು "ಆಂ? ಆಂ?" ಅನ್ನುವುದು, ನಡುವೆ ಅವನು ದುಭಾಷಿಯ ಹಾಗೆ ನಿಲ್ಲುವುದು, ಈ ಕಷ್ಟ ಯಾರಿಗೆ ಬೇಕು? ಕಾಗದವೇ ವಾಸಿ. ಕಿವಿ ಕೈಕೊಟ್ಟರೂ ಕಣ್ಣು ಇನ್ನೂ ನನ್ನ ಮಾತು ಕೇಳುತ್ತದೆ. ನೀನೂ ಇಡೀ ದಿನ ಪರದೆ ನೋಡುವವಳು, ಸಂಜೆ ಸ್ವಲ್ಪ ಶಾಯಿ ನೋಡು.

ನೀನು ಕೂತಿರುವ ಆ ಕಟ್ಟಡದಲ್ಲೇ ಇಪ್ಪತ್ತೆರಡು ವರ್ಷದ ಹಿಂದೆ ನಾನು ಹನ್ನೊಂದು ವಾರ ಕೂತಿದ್ದೆ. ಮೂರನೇ ಮಹಡಿ, ಕಿಟಕಿ ತೆರೆಯಲು ಬಾರದ ಕೋಣೆ. ಎರಡು ದೇಶದ ಎರಡು ಸರ್ಕಾರ, ಎರಡು ಮೇಜು, ನಾಲ್ಕು ಟ್ರಂಕು ಕಾಗದ. ಯಾವ ಸರಕಿಗೆ ಎಷ್ಟು ಸುಂಕ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ, ಎಂದು ಒಬ್ಬರಿಗೊಬ್ಬರು ಮಾತು ಕೊಡುವ ಪಟ್ಟಿ ಅದು. ಮಂತ್ರಿಗಳು ಕೈಕುಲುಕಿ ಫೋಟೋ ತೆಗೆಸಿಕೊಂಡು ಹೋದರು, ಪಟ್ಟಿ ಬರೆದವರು ನಾವು. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಕೊನೆಯ ಪ್ರತಿಯಲ್ಲಿ ಸರಕಿನ ಹೆಸರು ಟೈಪಾಗಿರುತ್ತದೆ, ಸುಂಕದ ಕಾಲಂ ಖಾಲಿ ಇರುತ್ತದೆ. ಒಂದು ಕಡೆಯವರು ಸಾಲಿನ ಸಂಖ್ಯೆ ಗಟ್ಟಿಯಾಗಿ ಓದಬೇಕು, ಇನ್ನೊಂದು ಕಡೆಯವರು ತಮ್ಮ ಕಾಗದ ನೋಡಿ ಸುಂಕ ಓದಿ ತುಂಬಬೇಕು. ಒಂದೇ ಬಾಯಿ ಎರಡನ್ನೂ ಓದಕೂಡದು. ಎಂಥ ಚೆಂದದ ಏರ್ಪಾಡು ನೋಡು.

ಈಗ ಅದನ್ನೆಲ್ಲ ಯಂತ್ರ ಮಾಡುತ್ತದಂತೆ. ಮಾಡಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಆ ಯಂತ್ರ ನಿಂತಿರುವುದು ನನ್ನ ಪಟ್ಟಿಯ ಮೇಲೆ. ಆರು ಸಾವಿರದ ನಾನೂರು ಸಾಲು, ಒಂದು ತಪ್ಪಿಲ್ಲ. ಇಲಾಖೆಯ ತರಬೇತಿ ಪುಸ್ತಕದಲ್ಲಿ ಈಗಲೂ ಮಾದರಿ ಎಂದು ಅದರ ಎರಡು ಪುಟ ಹಾಕಿದ್ದಾರೆ. ಇಂಥ ಕೆಲಸಕ್ಕೆ ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಒಂದು ಪದ ಹೇಳುತ್ತಿದ್ದರು. ಇಂಪೆಕಬಲ್ಲೋ ಇಂಪ್ಲಾಕಬಲ್ಲೋ, ಎರಡರಲ್ಲಿ ಒಂದು. ಒಟ್ಟಿನಲ್ಲಿ ದೊಡ್ಡ ಪದ.

ಸ್ವೆಟರ್ ಹಾಕಿಕೋ. ಎದುರು ಪಕ್ಷ ನಡುಗಿ ಬೇಗ ಒಪ್ಪಿಕೊಳ್ಳಲಿ ಎಂದು ಆ ಕಟ್ಟಡದಲ್ಲಿ ತಣ್ಣನೆ ಗಾಳಿ ಬಿಡುತ್ತಾರೆ.

ಇತಿ ನಿನ್ನ ಮಾವ

೧೫ ಮಾರ್ಚ್

ಮಾವನವರಿಗೆ ನಮಸ್ಕಾರಗಳು.

ಸ್ವೆಟರ್ ಹಾಕಿದ್ದೇನೆ. ಮೂರನೇ ಮಹಡಿಯ ಕಿಟಕಿ ಈಗಲೂ ತೆರೆಯುವುದಿಲ್ಲ. ಹಾಲಿನ ಪಾತ್ರೆಯ ಮುಂದೆ ನಿಂತು ಪೇಪರ್ ಓದಬಾರದೆಂದು ನಿಮ್ಮ ಮಗನಿಗೆ ಹೇಳಿ.

ನಮ್ಮ ಯಂತ್ರವನ್ನು ಕಂಡರೆ ನಿಮಗೂ ಇಷ್ಟವಾಗುತ್ತದೆ. ಪರದೆಯಲ್ಲಿ ಎಡಕ್ಕೆ ನಾವು, ಬಲಕ್ಕೆ ಅವರು. ಇಬ್ಬರೂ ನಮ್ಮ ನಮ್ಮ ಪ್ರಸ್ತಾಪವನ್ನು ಮುಚ್ಚಿದ ಲಕೋಟೆಯ ಹಾಗೆ ಒಳಗೆ ಹಾಕುತ್ತೇವೆ, ಎರಡೂ ಒಂದೇ ಕ್ಷಣಕ್ಕೆ ತೆರೆಯುತ್ತವೆ. ಎದುರಿನವರ ಮುಖ ನೋಡಿ ಮಾತು ತಿರುಗಿಸುವ ಆಟ ನಡೆಯುವುದಿಲ್ಲ. ಯಾರು ಯಾವ ಗಳಿಗೆಯಲ್ಲಿ ಯಾವ ಸಾಲು ಮುಟ್ಟಿದರು ಎಂಬುದೂ ದಾಖಲಾಗುತ್ತದೆ. ಹಳೆಯ ಟ್ರಂಕುಗಳ ಕಾಗದವನ್ನೆಲ್ಲ ಎರಡೂ ಕಡೆಯವರು ಸ್ಕ್ಯಾನ್ ಮಾಡಿ ಒಳಗೆ ಸೇರಿಸಿದ್ದಾರೆ.

ಚೌಕಾಸಿ ಶುರುವಾಗುವ ಮೊದಲು, ಹಳೆಯ ಪಟ್ಟಿ ಸರಿ ಇದೆ ಎಂದು ಎರಡೂ ಕಡೆ ಒಪ್ಪಬೇಕು. ಅದು ನನ್ನ ಮೇಜಿನ ಕೆಲಸ. ನಿಮ್ಮ ಪಟ್ಟಿಯನ್ನು ಯಂತ್ರ ಅಂದಿನ ಸಭೆಯ ನಡಾವಳಿಯ ಜೊತೆ ಸಾಲು ಸಾಲಾಗಿ ಹೋಲಿಸಿತು. ಪುಟದ ಮೇಲೆ ಪುಟ ಹಸಿರು. ನನಗೇ ಜಂಬ ಬಂದುಬಿಟ್ಟಿತ್ತು. ಆಮೇಲೆ ಇನ್ನೂರ ಹನ್ನೆರಡನೇ ಪುಟದಲ್ಲಿ ಕೆಂಪು ಕಾಣಿಸಿತು.

ಸಭೆಯಲ್ಲಿ ಒಪ್ಪಿದ್ದು ಇಡೀ ಕೊಡೆಗೆ ನೂರಕ್ಕೆ ಮೂವತ್ತು ಸುಂಕ, ಕೊಡೆಯ ಕಡ್ಡಿಗೆ ಐದು. ಪಟ್ಟಿಯಲ್ಲಿರುವುದು ಕೊಡೆಗೆ ಐದು, ಕಡ್ಡಿಗೆ ಮೂವತ್ತು. ಪುಟದ ಕೆಳಗೆ ಒಂದು ಚಿಕ್ಕ ಸಹಿ ಇದೆ. ಅದನ್ನು ಹತ್ತು ವರ್ಷದಿಂದ ನಮ್ಮ ಮನೆಯ ಗ್ಯಾಸ್ ಪುಸ್ತಕದಲ್ಲಿ ನೋಡುತ್ತಿದ್ದೇನೆ.

ಸಭೆಯ ನಂತರ ಎರಡೂ ಕಡೆ ಕೂತು ಬದಲಾಯಿಸಿದ್ದಾದರೆ 'ತೀರ್ಮಾನ' ಎಂದು ದಾಖಲಿಸಬೇಕು, ಪಟ್ಟಿ ಇದ್ದ ಹಾಗೇ ಉಳಿಯುತ್ತದೆ. ಕೈತಪ್ಪಿದ್ದಾದರೆ 'ತಪ್ಪು' ಎಂದು ದಾಖಲಿಸಬೇಕು, ಸುಂಕ ಮೂಲಕ್ಕೆ ಮರಳುತ್ತದೆ. ನಿಮಗೆ ನೆನಪಿದೆಯೇ ಮಾವ?

ನಿಮ್ಮ ಸೊಸೆ

೨೩ ಮಾರ್ಚ್

ಸೊಸೆಗೆ,

ಕಾಗದ ಬಂತು. ನಿನ್ನ ಯಂತ್ರಕ್ಕೆ ವಯಸ್ಸೆಷ್ಟು, ಎರಡೋ ಮೂರೋ? ನಾನು ಮೂವತ್ತಾರು ವರ್ಷ ಸರ್ವೀಸ್ ಮಾಡಿದವನು. ನಡಾವಳಿಯಲ್ಲಿ ಬಾರದ ಎಷ್ಟೋ ಮಾತು ಮೆಟ್ಟಿಲ ಮೇಲೆ, ಲಿಫ್ಟಿನ ಒಳಗೆ ಆಗುತ್ತದೆ. ದೊಡ್ಡವರು ಕಣ್ಸನ್ನೆ ಮಾಡುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಇದೂ ಹಾಗೇ ಆಗಿರಬೇಕು. ತೀರ್ಮಾನ ಎಂದೇ ಹಾಕು. ವಿತ್ ರೆಫರೆನ್ಸ್ ಟು ದಿ ಅಬೋವ್, ದಿ ಮ್ಯಾಟರ್ ಮೇ ಬಿ ಕ್ಲೋಸ್ಡ್.

ಬೇರೆ ಸುದ್ದಿ ಏನೂ ಇಲ್ಲ.

ಇತಿ ಮಾವ

೧ ಏಪ್ರಿಲ್

ಮಾವನವರಿಗೆ ನಮಸ್ಕಾರ.

ತರಕಾರಿಯ ಬೆಲೆಯಿಂದ ಶುರುಮಾಡಿ ಪಕ್ಕದ ಮನೆಯ ಬೆಕ್ಕಿನವರೆಗೆ ಬರೆಯುವ ನೀವು ಅರ್ಧ ಪುಟಕ್ಕೆ ಮುಗಿಸಿದ್ದೀರಿ. ಗಾಬರಿಯಾಗಿ ನಿಮ್ಮ ಮಗನಿಗೆ ಫೋನ್ ಮಾಡಿದೆ. "ಅಪ್ಪ ಚೆನ್ನಾಗೇ ಇದ್ದಾನೆ. ಆದ್ರೆ ವಾಕಿಂಗ್ ದಾರಿ ಬದಲಾಯ್ಸಿದಾನೆ, ಹಿಂದಿನ ಬೀದಿ ಕಡೆ ಹೋಗ್ತಿಲ್ಲ," ಎಂದರು.

ನಮ್ಮ ತಂಡದ ಮುಖ್ಯಸ್ಥರನ್ನು ನಾವೆಲ್ಲ ಗಡಿಯಾರ ಎಂದು ಕರೆಯುತ್ತೇವೆ. ಮಾತಾಡುವಾಗ ನಮ್ಮ ಮುಖ ನೋಡದೆ ಗೋಡೆಯ ಗಡಿಯಾರ ನೋಡುತ್ತಾರೆ. ಅವರೂ ನಿಮ್ಮ ಹಾಗೇ ಹೇಳಿದರು. "ಒಂದು ಕೊಡೆಗೋಸ್ಕರ ಎರಡು ಸರ್ಕಾರ ಮಳೇಲಿ ನೆನೆಯೋದು ಬೇಡ. ತೀರ್ಮಾನ ಅಂತ ಒತ್ತಿ ಮುಗ್ಸಮ್ಮ." ನಾನು ಒತ್ತುವಂತಿಲ್ಲ. ಆ ಸಹಿ ನನ್ನ ಮಾವನದು ಎಂದು ಬರೆದುಕೊಟ್ಟು, ಆ ಸಾಲನ್ನು ಪಕ್ಕದ ಮೇಜಿಗೆ ದಾಟಿಸಿದ್ದೇನೆ. ಬರಿಯ ಒತ್ತುವಿಕೆಗೆ ಯಂತ್ರವೂ ಜಗ್ಗುವುದಿಲ್ಲ. ಆ ದಿನ ಕೋಣೆಯಲ್ಲಿ ಕೂತಿದ್ದ ಒಬ್ಬರ ಸಹಿ ಮಾಡಿದ ಹೇಳಿಕೆ ಬೇಕು. ಎದುರು ಕಡೆಯ ಗುಮಾಸ್ತರು ತೀರಿಕೊಂಡು ಆರು ವರ್ಷವಾಯಿತಂತೆ. ಉಳಿದಿರುವುದು ನೀವೊಬ್ಬರೇ.

ಇನ್ನೊಂದು ವಿಷಯ. ಕೊಡೆ ತಯಾರಿಸುವವರ ಸಂಘದ ಅರ್ಜಿ ಕಡತದಲ್ಲಿದೆ. ಅಂದು ನಮ್ಮಲ್ಲಿ ನೂರ ನಲವತ್ತು ಕಾರ್ಖಾನೆ ಇದ್ದವಂತೆ, ಈಗ ಒಂಬತ್ತು. ಹೊರಗಿನ ಕೊಡೆ ಅಗ್ಗವಾಗಿ ಬಂದು ಬೀಳುತ್ತದೆ. ಕಡ್ಡಿ ತರಿಸಿ ಇಲ್ಲೇ ಕೊಡೆ ಮಾಡೋಣವೆಂದರೆ ಕಡ್ಡಿಯ ಸುಂಕವೇ ಕುತ್ತಿಗೆ ಹಿಡಿಯುತ್ತದೆ. ಏಪ್ರಿಲ್ ಮೂವತ್ತಕ್ಕೆ ಪಟ್ಟಿಗೆ ಮುದ್ರೆ ಬೀಳುತ್ತದೆ, ಆಮೇಲೆ ಹತ್ತು ವರ್ಷ ಯಾರೂ ಮುಟ್ಟುವಂತಿಲ್ಲ.

ನೀವು ಯಾವುದನ್ನು ಬರೆದುಕೊಟ್ಟರೂ ಹಾಗೇ ಒಪ್ಪಿಸುತ್ತೇನೆ. ಮನೆಗೆ ಬಂದ ಮೇಲೆ ಒಂದು ಮಾತೂ ಕೇಳುವುದಿಲ್ಲ. ಆ ಪುಟದ ನಕಲು ಇದರ ಜೊತೆ ಇದೆ.

ನಿಮ್ಮ ಸೊಸೆ

೧೧ ಏಪ್ರಿಲ್

ಮಗಳೇ,

ಅದು ತಪ್ಪು. ಮೆಟ್ಟಿಲ ಮೇಲೆ ಯಾವ ಮಾತೂ ಆಗಲಿಲ್ಲ. ಲಿಫ್ಟಿನಲ್ಲಂತೂ ಸಾಧ್ಯವೇ ಇಲ್ಲ, ಆ ಲಿಫ್ಟು ಹನ್ನೊಂದು ವಾರವೂ ಕೆಟ್ಟು ಕೂತಿತ್ತು.

ಒಂದು ತಪ್ಪಿಲ್ಲ ಎಂದು ನಿನಗೆ ಬರೆದಾಗಲೂ ನನಗೆ ಇದು ಗೊತ್ತಿತ್ತು. ಇಪ್ಪತ್ತೆರಡು ವರ್ಷ ಅದೇ ಮಾತು ಹೇಳಿ ಹೇಳಿ, ಕೊನೆಕೊನೆಗೆ ಹೇಳುವಾಗ ಎದೆ ಹೊಡೆದುಕೊಳ್ಳುವುದೂ ನಿಂತಿತ್ತು. ಈಗ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ, ನಡುವೆ ಬೆಕ್ಕಿನ ಕಥೆ ತರುವುದಿಲ್ಲ.

ಕೊನೆಯ ವಾರ, ಓದುವ ದಿನ. ಎದುರು ಕಡೆಯ ಗುಮಾಸ್ತರಿಗೆ ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ. ಒಳ್ಳೆಯ ಮನುಷ್ಯ, ಮಾತಿನ ಬದಲು ಹುಬ್ಬು ಏರಿಸಿ ಇಳಿಸಿ ಸಂಭಾಳಿಸುತ್ತಿದ್ದರು. ಬೇರೆಯವರನ್ನು ಕರೆಸಬೇಕಿತ್ತು. ನಾನೇ, "ಅಯ್ಯೋ ಬಿಡಿ ಸಾರ್, ಸಂಖ್ಯೆನೂ ನಾನೇ ಹೇಳ್ತೀನಿ, ಸುಂಕಾನೂ ನಾನೇ ಹೇಳ್ತೀನಿ. ನೀವು ಸುಮ್ನೆ ತುಂಬ್ತಾ ಹೋಗಿ," ಅಂದೆ. ಒಂದೇ ಬಾಯಿ ಎರಡನ್ನೂ ಓದಿತು. ಹತ್ತು ಪುಟ ಕಾಗದ ನೋಡಿ ಓದಿದೆ. ಆಮೇಲೆ ಕಾಗದ ಮಗುಚಿಟ್ಟು ಬಾಯಿಪಾಠ ಹೇಳತೊಡಗಿದೆ. ಅಷ್ಟೂ ಸಾಲು ನನಗೆ ಕಂಠಪಾಠ ಎಂದು ಅವರಿಗೆ ತೋರಿಸಬೇಕಿತ್ತು, ಅಷ್ಟೇ. ಅವರ ಹುಬ್ಬು ಏರಿದಷ್ಟೂ ನನಗೆ ಹುರುಪು.

ನನ್ನ ತಲೆಯಲ್ಲಿದ್ದದ್ದು ಮೂರನೇ ಕರಡು. ಅದರಲ್ಲಿ ಮೊದಲು ಕಡ್ಡಿ, ಆಮೇಲೆ ಕೊಡೆ. ಬಿಡಿಭಾಗಕ್ಕಿಂತ ಇಡೀ ವಸ್ತು ಮೊದಲು ಬರಬೇಕು ಎಂದು ಕೊನೆಯ ಪ್ರತಿಯಲ್ಲಿ ಆ ಎರಡು ಸಾಲನ್ನು ಅದಲುಬದಲು ಮಾಡಿದ್ದರು. ನಾನು "ಒಂದನೇ ಸಾಲು ಐದು, ಎರಡನೇ ಸಾಲು ಮೂವತ್ತು" ಅಂದೆ. ಅವರು ನನ್ನನ್ನು ನಂಬಿ ತುಂಬಿದರು. ಕೆಳಗೆ ನಾನು ಸಹಿ ಹಾಕಿದೆ.

ಎಂಟು ತಿಂಗಳ ನಂತರ ಕಡತ ಜೋಡಿಸುವಾಗ ಕಣ್ಣಿಗೆ ಬಿತ್ತು. ಮುಂದಿನ ವಾರ ನನಗೆ ಬಡ್ತಿಯ ಆದೇಶ ಬರುವುದಿತ್ತು. ಆ ಸಂಜೆ ನಿನ್ನ ಅತ್ತೆ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು, ಅವಳಿಗೆ ಹೇಳಿದೆ. "ನಾಳೆನೇ ಹೋಗಿ ಹೇಳ್ಬಿಡಿ," ಎಂದಳು. "ನಾಳೆ ಹೇಳಿದ್ರೆ ಒಂದು ಸಾಲು ತಿದ್ದೋ ಕೆಲಸ. ತಡ ಮಾಡಿದ್ರೆ ಇಷ್ಟು ದಿನ ಯಾಕೆ ಬಾಯಿ ಮುಚ್ಕೊಂಡಿದ್ರಿ ಅಂತಾರೆ." ನಾನು, "ಕೊಡೆ ತಾನೇ, ಎಷ್ಟು ಬರುತ್ತೆ ಹೊರಗಿಂದ?" ಅಂದೆ. ಮತ್ತೆ ಎರಡು ಮೂರು ಸಲ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಅವಳು ಬಿಟ್ಟದ್ದು ಕೇಳಿದ್ದಕ್ಕಿಂತ ಜೋರಾಗಿ ಕೇಳಿಸುತ್ತಿತ್ತು. ಅವಳು ಹೋಗಿ ಏಳು ವರ್ಷವಾದರೂ ಕೇಳಿಸುತ್ತದೆ, ಈ ಕಿವಿಗೂ.

ನಮ್ಮ ಹಿಂದಿನ ಬೀದಿಯಲ್ಲಿ ಕೊಡೆಯಣ್ಣ ಇದ್ದಾನಲ್ಲ, ನೀನು ಬೀಗದ ಕೈ ಮಾಡಿಸಿಕೊಂಡು ಬಂದೆಯಲ್ಲ, ಅವನು. ಅವನದೂ ಕಾರ್ಖಾನೆಯಾಗಿತ್ತು. ಹದಿನಾಲ್ಕು ಜನ ಹೆಂಗಸರು ಸಾಲಾಗಿ ಕೂತು ಬಟ್ಟೆ ಹೊಲಿಯುತ್ತಿದ್ದರು, ಹೊಲಿಗೆ ಯಂತ್ರಗಳ ಸದ್ದು ನಮ್ಮ ಅಡುಗೆಮನೆಗೆ ಬರುತ್ತಿತ್ತು. ಒಂದೊಂದೇ ಯಂತ್ರ ನಿಂತಿತು. ಈಗ ಅವನೊಬ್ಬನೇ, ಮುರಿದ ಕೊಡೆ ರಿಪೇರಿ ಮಾಡಿಕೊಂಡು, ಬೀಗದ ಕೈ ಉಜ್ಜಿಕೊಂಡು ಇದ್ದಾನೆ. ನಾನು ವಾಕಿಂಗ್ ಹೋದಾಗಲೆಲ್ಲ, "ಯಜಮಾನ್ರೇ, ನೀವು ಸರ್ಕಾರದೋರು. ಕಡ್ಡಿಗೆ ಇಷ್ಟೊಂದು ಸುಂಕ ಬರೆದ ಪುಣ್ಯಾತ್ಮ ಯಾರು ಅಂತ ವಿಚಾರಿಸಿ ಹೇಳ್ರಿ," ಎನ್ನುತ್ತಾನೆ. ನಾನು "ವಿಚಾರಿಸ್ತೀನಿ" ಎಂದು ಮುಂದೆ ಹೋಗುತ್ತೇನೆ. ಎಷ್ಟು ವರ್ಷದಿಂದ ವಿಚಾರಿಸುತ್ತಿದ್ದೇನೆ ನೋಡು.

ಹೇಳಿಕೆ ಇದರೊಳಗಿದೆ. ಒಂದು ಪ್ರತಿ ಕನ್ನಡದಲ್ಲಿ, ಒಂದು ನನ್ನ ಇಂಗ್ಲಿಷಿನಲ್ಲಿ. ಐ ಬೆಗ್ ಟು ಸ್ಟೇಟ್ ದಟ್ ದಿ ಎರರ್ ಈಸ್ ಮೈನ್ ಅಂಡ್ ಮೈನ್ ಅಲೋನ್. ಈ ಒಂದು ವಾಕ್ಯದಲ್ಲಿ ನನಗೆ ಸಂಶಯವಿಲ್ಲ, ಉಳಿದದ್ದರ ವ್ಯಾಕರಣ ನೀನು ನೋಡಿಕೋ. ಅಕ್ಷರ ಮಾತ್ರ ದುಂಡಗೆ ಬಂದಿದೆ.

ಇತಿ ನಿನ್ನ ಮಾವ

೧೮ ಏಪ್ರಿಲ್

ಮಾವನವರಿಗೆ,

ಹೇಳಿಕೆ ತಲುಪಿತು. ನನ್ನ ಮಾತು ಇಲ್ಲಿ ಬೇಡ, ಕೆಲಸದ ಮಾತು ಹೇಳುತ್ತೇನೆ.

ಎದುರು ಕಡೆಯವರು ಒಪ್ಪುತ್ತಿಲ್ಲ. ಅವರ ವಕೀಲರು, "ಈಗ ಅವರ ದೇಶಕ್ಕೆ ಲಾಭ ಆಗೋ ಹಾಗೆ ಅವರದೇ ನಿವೃತ್ತ ನೌಕರರಿಗೆ ನೆನಪು ಬಂತು. ಕೊಡೆಗೆ ಸುಂಕ ಇಳಿಸ್ತೀವಿ ಅಂತ ಅವತ್ತು ಇವರೇ ಒಪ್ಪಿರಬಹುದಲ್ಲ?" ಎಂದರು. ತಪ್ಪೇನಿಲ್ಲ, ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆ. ನಿಮ್ಮನ್ನು ನೇರವಾಗಿ ಪ್ರಶ್ನಿಸಬೇಕಂತೆ. ಇಪ್ಪತ್ತೈದರಂದು ಬೆಳಿಗ್ಗೆ ಹತ್ತಕ್ಕೆ ನಿಮ್ಮ ಹಳೆಯ ಕಚೇರಿಗೆ ಹೋದರೆ ಅಲ್ಲಿನ ಪರದೆಯ ಮುಂದೆ ಕೂರಿಸುತ್ತಾರೆ. ಕಿವಿಗೆ ಹಾಕುವ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿಕೊಳ್ಳಿ. ಅವರು ಒಪ್ಪದಿದ್ದರೆ ಪಟ್ಟಿ ಹಾಗೇ ಮುದ್ರೆಯಾಗುತ್ತದೆ, ನಿಮ್ಮ ಹೇಳಿಕೆಯೂ ಕಡತದಲ್ಲಿ ಉಳಿಯುತ್ತದೆ. ತಪ್ಪೂ ಉಳಿದು ಹೆಸರೂ ಹೋದ ಹಾಗೆ. ಅದನ್ನು ಮೊದಲೇ ಹೇಳಬೇಕು ಅನಿಸಿತು.

ನಾನು ಆ ಕೋಣೆಯಲ್ಲಿರುತ್ತೇನೆ, ಮಾತಾಡುವಂತಿಲ್ಲ.

ನಿಮ್ಮ ಸೊಸೆ

೨೬ ಏಪ್ರಿಲ್

ಮಗಳೇ,

ನೀನು ಅಲ್ಲೇ ಇದ್ದೆ, ಎಲ್ಲ ನೋಡಿದೆ. ಆದರೂ ಈ ಕಡೆಯಿಂದ ಹೇಗಿತ್ತು ಎಂದು ಬರೆಯದೆ ಇರಲಾರೆ.

ನಿನ್ನ ಗಂಡ ಮಕ್ಕಳ ಪಾಠ ಬಿಟ್ಟು, ಶಾಲೆಗೆ ರಜಾ ಹಾಕಿ ಬಂದಿದ್ದ. ಒಳಗೆ ಬಿಡಲಿಲ್ಲ, ಹೊರಗಿನ ಬೆಂಚಿನಲ್ಲಿ ಕೂತ. "ಅಪ್ಪಾ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಕಥೆ ಶುರು ಮಾಡ್ಬೇಡ," ಎಂದು ಮೂರು ಸಲ ಹೇಳಿದ. ಕಚೇರಿಯಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲ. ನನ್ನ ಮೇಜಿದ್ದ ಜಾಗದಲ್ಲಿ ನೀರಿನ ಕ್ಯಾನು ಇಟ್ಟಿದ್ದಾರೆ.

ಆ ವಕೀಲರು ಸಣ್ಣ ವಯಸ್ಸಿನ ಹೆಣ್ಣುಮಗಳು ಎಂದು ನೀನು ಬರೆದಿರಲಿಲ್ಲ. ದುಭಾಷಿಯ ಮೂಲಕ ಮೆತ್ತಗೆ ಕೇಳುತ್ತಾಳೆ, ಹಿಡಿತ ಮಾತ್ರ ಇಕ್ಕಳದ್ದು. "ಇನ್ನೂರು ಚಿಲ್ಲರೆ ಪುಟ ಬಾಯಿಪಾಠ ಇತ್ತು ಅಂತೀರಿ. ಯಾರಿಗೂ ಅಷ್ಟು ನೆನಪಿರಲ್ಲ ಹಿರಿಯರೇ. ಈ ಕಥೇನ ಈಗ ಕಟ್ಟಿದ್ದಲ್ವಾ?" ನಾನು, "ಬೇಕಿದ್ರೆ ಕೇಳಿ," ಅಂದೆ. "ಹಾಗಾದ್ರೆ ಪುಟ ಇನ್ನೂರರಿಂದ ಹೇಳಿ," ಎಂದಳು. ಅವಳ ಕೈಯಲ್ಲಿ ಪಟ್ಟಿ. ನನ್ನ ಮುಂದೆ ಒಂದು ಲೋಟ ನೀರು.

ಕಣ್ಣು ಮುಚ್ಚಿದೆ. ಮೊದಲೆರಡು ಸಾಲು ತಡವರಿಸಿತು. ಆಮೇಲೆ ಆ ಕೋಣೆ ಬಂತು, ತೆರೆಯದ ಕಿಟಕಿ ಬಂತು, ಸಾಲುಗಳು ಒಂದರ ಹಿಂದೆ ಒಂದು ತಾವಾಗಿ ಬಂದವು. ಚರ್ಮದ ಚೀಲ ಇಪ್ಪತ್ತು. ಬಟ್ಟೆಯ ಚೀಲ ಹದಿನೈದು. ಬೆಲ್ಟು ಇಪ್ಪತ್ತು. ಟೋಪಿಗಳು ಬಂದು ಹೋದವು, ಚಪ್ಪಲಿಗಳು ಬಂದು ಹೋದವು. ಅವಳು ಒಂದು ಸಲವೂ ತಡೆಯಲಿಲ್ಲ. "ಪುಟ ಇನ್ನೂರ ಹನ್ನೆರಡು. ಒಂದನೇ ಸಾಲು, ಕಡ್ಡಿ, ಐದು. ಎರಡನೇ ಸಾಲು, ಕೊಡೆ, ಮೂವತ್ತು. ಮೂರನೇ ಸಾಲು, ಊರುಗೋಲು, ಹನ್ನೆರಡು."

"ನಿಲ್ಸಿ," ಎಂದಳು. "ಒಂದನೇ ಸಾಲಲ್ಲಿ ಕಡ್ಡಿ ಇಲ್ಲ. ಕೊಡೆ ಇದೆ."

ಕಣ್ಣು ತೆರೆದೆ. ಮಗಳೇ, ನಾನು ನಾಟಕ ಆಡಲಿಲ್ಲ. ಕೊಡೆ ಮೊದಲು ಎಂದು ನನಗೆ ಗೊತ್ತೇ ಇದೆ, ನೀನು ಕಳಿಸಿದ ನಕಲನ್ನು ಎಷ್ಟು ಸಲ ನೋಡಿದ್ದೇನೋ. ಹೇಳಿಕೆಯಲ್ಲಿ ನಾನೇ ಬರೆದಿದ್ದೇನೆ. ಆದರೂ ನಾಲಿಗೆ ಹಳೆಯ ದಾರಿಯಲ್ಲೇ ಹೋಗಿತ್ತು. ಅಷ್ಟು ಜನರ ಮುಂದೆ, ಅದೇ ಪುಟದಲ್ಲಿ, ಅದೇ ತಪ್ಪು ಮತ್ತೆ ಮಾಡಿದ್ದೆ.

ಆಗ ನಿನ್ನ ಪಕ್ಕದ ಮೇಜಿನವರು ಏನೋ ಒತ್ತಿದರು. ಎಲ್ಲರ ಪರದೆಯ ಮೇಲೂ ಮೂರನೇ ಕರಡು ಬಂತು. ನಮ್ಮ ಪ್ರತಿಯಲ್ಲ, ಅವರ ಟ್ರಂಕಿನದು, ಅವರ ಗುಮಾಸ್ತರ ಕೈಬರಹ ಅಂಚಿನಲ್ಲಿತ್ತು. ಒಂದನೇ ಸಾಲು ಕಡ್ಡಿ, ಐದು. ಎರಡನೇ ಸಾಲು ಕೊಡೆ, ಮೂವತ್ತು. ನನ್ನ ನಾಲಿಗೆ ಈಗಷ್ಟೇ ಹೇಳಿದ ಕ್ರಮವೇ. ವಕೀಲೆ ಅದನ್ನು ನೋಡಿದಳು, ಕೈಯಲ್ಲಿದ್ದ ಪಟ್ಟಿ ನೋಡಿದಳು, ನನ್ನನ್ನು ನೋಡಿದಳು. ಅವಳ ಹುಬ್ಬೂ ಏರಿತು. "ನನ್ನ ಕಡೆಯಿಂದ ಬೇರೆ ಪ್ರಶ್ನೆ ಇಲ್ಲ," ಎಂದಳು.

ಹೊರಗೆ ಬಂದಾಗ ನಿನ್ನ ಗಂಡ, "ಏನಾಯ್ತು?" ಎಂದ. "ಅದೇ ತಪ್ಪನ್ನ ಮತ್ತೆ ಹೇಳಿದೆ, ಗೆದ್ದೆ ಅನ್ಸುತ್ತೆ," ಎಂದೆ. ಅವನಿಗೆ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ಹೇಳಿಕೊಂಡು ಬಂದೆ.

ಇತಿ ಮಾವ

೧ ಮೇ

ಮಾವನವರಿಗೆ ಪ್ರೀತಿಯಿಂದ,

ಎರಡೂ ಸರ್ಕಾರ ಸಹಿ ಹಾಕಿದವು. 'ತಪ್ಪು' ಎಂದೇ ದಾಖಲಾಗಿದೆ. ಜನವರಿ ಒಂದರಿಂದ ಕೊಡೆಗೆ ಮೂವತ್ತು, ಕಡ್ಡಿಗೆ ಐದು. ಆ ಸಾಲು ಹಸಿರಾಗುವಾಗ ಗಡಿಯಾರ ಕೂಡ ಗೋಡೆ ಬಿಟ್ಟು ಪರದೆ ನೋಡಿದರು.

ತರಬೇತಿ ಪುಸ್ತಕದಿಂದ ನಿಮ್ಮ ಪುಟಗಳನ್ನು ತೆಗೆಯುತ್ತಾರಂತೆ. ನಿನ್ನೆ ಪತ್ರ ಬಂತು. ಹೇಳಲೋ ಬೇಡವೋ ಎಂದು ಯೋಚಿಸಿ ಹೇಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಇನ್ನು ಇಂಥದ್ದನ್ನು ಮುಚ್ಚಿಡುವುದು ಬೇಡ.

ನಿಮ್ಮ ಸೊಸೆ

೯ ಮೇ

ಪ್ರೀತಿಯ ಸೊಸೆಗೆ,

ತರಬೇತಿ ಪುಸ್ತಕದವರಿಗೆ ನಾನೇ ಬರೆದಿದ್ದೇನೆ. ಆ ಎರಡು ಪುಟ ತೆಗೆಯಿರಿ, ಬದಲಿಗೆ ಇನ್ನೂರ ಹನ್ನೆರಡನೇ ಪುಟ ಹಾಕಿ, ಯಾಕೆ ಹಾಗಾಯಿತು ಎಂದು ಕೆಳಗೆ ಬರೆಯಿರಿ, ಬೇಕಿದ್ದರೆ ನಾನೇ ಬಂದು ಪಾಠ ಹೇಳುತ್ತೇನೆ ಎಂದಿದ್ದೇನೆ. ಬಸ್ ಚಾರ್ಜು ಕೊಟ್ಟರೆ ಸಾಕು. ಇನ್ನೂ ಉತ್ತರ ಬಂದಿಲ್ಲ. ಬರುತ್ತದೆ.

ನಿನ್ನ ಕಾಗದ ಬಂದ ದಿನವೇ ಹಿಂದಿನ ಬೀದಿಗೆ ಹೋದೆ. ಕೊಡೆಯಣ್ಣ ಬಾಗಿಲಲ್ಲಿ ಕೂತು ಬೀಗದ ಕೈ ಉಜ್ಜುತ್ತಿದ್ದ. "ಏನ್ ಯಜಮಾನ್ರೇ, ತಿಂಗಳಾಯ್ತು ಈ ಕಡೆ ಬಂದು. ನನ್ನ ಮುಖ ಬೇಜಾರಾಯ್ತಾ?" ಎಂದ. ನಿಂತುಕೊಂಡೇ ಹೇಳಿದೆ. ಆ ಸುಂಕ ಬರೆದವನು ನಾನೇ, ತಪ್ಪಾಗಿ ಬರೆದೆ, ಗೊತ್ತಾದ ಮೇಲೂ ಸುಮ್ಮನಿದ್ದೆ, ಈಗ ಸರಿಹೋಯಿತು. ಮನೆಯಿಂದ ಹೊರಡುವಾಗ ದೊಡ್ಡ ಭಾಷಣ ಸಿದ್ಧ ಮಾಡಿಕೊಂಡಿದ್ದೆ, ಬಾಯಿಗೆ ಬಂದದ್ದು ಇಷ್ಟೇ.

ಅವನು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ. ಬೈಯುತ್ತಾನೆ ಎಂದುಕೊಂಡೆ. ಬೈಸಿಕೊಳ್ಳಲೆಂದೇ ಹೋಗಿದ್ದೆ.

"ಯಾವಾಗಿಂದ ಜಾರಿ?" ಎಂದ.

"ಜನವರಿ ಒಂದು."

"ಕಡ್ಡಿಗೆ ಐದೇನಾ? ಖಾತ್ರಿ ತಾನೇ? ಇನ್ನೊಂದ್ಸಲ ನೋಡ್ಕೊಂಡು ಹೇಳಿ."

ನಿನ್ನ ಕಾಗದವನ್ನು ಜೇಬಿನಿಂದ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ತಾನೇ ಗಟ್ಟಿಯಾಗಿ ಓದಿಕೊಂಡ. ಬೆರಳು ಮಡಚಿ ತಿಂಗಳು ಎಣಿಸಿದ. "ಬಟ್ಟೆಗೆ ಈಗ್ಲೇ ಹೇಳ್ಬೇಕು," ಎಂದು ಎದ್ದು ಒಳಗೆ ಹೋದ. ನನಗೆ ಕೂರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಒಳಗಿನ ಕತ್ತಲಲ್ಲಿ ಹೊಲಿಗೆ ಯಂತ್ರದ ಮೇಲೆ ಹೊದಿಸಿದ್ದ ಗೋಣಿಯನ್ನು ಎಳೆದ ಸದ್ದಾಯಿತು, ಧೂಳಿಗೆ ಅವನು ಕೆಮ್ಮಿದ್ದು ಕೇಳಿಸಿತು. ಆಮೇಲೆ ಕೂಗಿದ:

"ಯಜಮಾನ್ರೇ, ಅಲ್ಲೇ ನಿಂತಿದ್ರೆ ಒಳಗೆ ಬನ್ನಿ. ಇದನ್ನ ಎತ್ತಕ್ಕೆ ಇಬ್ರು ಬೇಕು."

ಇತಿ ನಿನ್ನ ಮಾವ